ನೊಣದ ತವರುಮನೆ

ಸದಸ್ಯ ಬಾಂಧವರು ಈ ಪತ್ರಿಕೆ ಕೈಗೆ ಬಂದ ಕೂಡಲೇ ಮೊದಲು ತೆರೆಯುವುದು ಧಾರಣೆಯ ಪುಟವನ್ನು ಎಂಬುದು ನಮಗೆ ಗೊತ್ತಿದೆ. ಅಡಿಕೆಗೆ ಎಷ್ಟು, ಕಾಫಿಗೆ ಎಷ್ಟು, ಮೆಣಸಿಗೆ ಎಷ್ಟು ಎಂದು ನೋಡುವವರ ಮುಂದೆ ನೊಣದ ವಿಚಾರ ಇಟ್ಟರೆ ಕೆಲವರು ನಗಬಹುದು. ಆದರೆ ಇತ್ತೀಚಿನ ಮಳೆಗಾಲಗಳಲ್ಲಿ ಸಂಘದ ಕಚೇರಿಯ ಮೆಟ್ಟಿಲು ಹತ್ತಿ ಬರುವ ದೂರುಗಳಲ್ಲಿ ನೊಣದ ದೂರು ಕಡಮೆಯಲ್ಲ. "ಊಟದ ಎಲೆಯ ಮುಂದೆ ಕೂರುವ ಹಾಗಿಲ್ಲ," "ತೊಟ್ಟಿಲ ಮೇಲೆ ಸೀರೆ ಹೊದಿಸಿದರೂ ಮಗುವಿನ ಮುಖ ಬಿಡುವುದಿಲ್ಲ," "ನಮ್ಮ ಮನೆ ಚೊಕ್ಕಟವಾಗಿಯೇ ಇದೆ, ಪಕ್ಕದವರ ಗೊಬ್ಬರದಿಂದ ಬರುತ್ತಿದೆ" ಎಂಬ ಮಾತುಗಳನ್ನು ಕೇಳಿದ್ದೇವೆ. ಇದೇ ಕಾರಣಕ್ಕೆ ಮಾತು ಬಿಟ್ಟ ನೆರೆಹೊರೆಯವರೂ ನಮ್ಮ ಸದಸ್ಯರಲ್ಲಿ ಇದ್ದಾರೆ. ಹೀಗಿರುವಾಗ ಈ ವಿಷಯವನ್ನು ಬಹಿರಂಗವಾಗಿ ಚರ್ಚಿಸುವುದೇ ಒಳ್ಳೆಯದೆಂದು ನಮಗೆ ತೋರಿದೆ.

ದೂರು ತಂದವರೆಲ್ಲರೂ ಕೊನೆಯಲ್ಲಿ ಕೇಳುವ ಪ್ರಶ್ನೆ ಒಂದೇ: "ವಿಷ ಹೊಡೆಯದೆ ಮನೆಯೊಳಗೆ ನೊಣ ಬಾರದಂತೆ ಏನು ಮಾಡಬೇಕು?" ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರವನ್ನು ಎಲ್ಲರೂ ಅಡಿಗೆಮನೆಯಲ್ಲಿ ಹುಡುಕುತ್ತಿದ್ದಾರೆ. ಬೆಲ್ಲವಿದ್ದಲ್ಲಿ ನೊಣ ಎಂಬ ಗಾದೆ ನಮ್ಮನ್ನು ಆ ದಾರಿಗೆ ಎಳೆದಿದೆ. ಆ ಗಾದೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ. ಬೆಲ್ಲಕ್ಕೆ ನೊಣ ಬರುತ್ತದೆ, ನಿಜ. ಆದರೆ ಬೆಲ್ಲದಲ್ಲಿ ನೊಣ ಹುಟ್ಟುವುದಿಲ್ಲ. ಅದು ಹುಟ್ಟುವುದು ಗೊಬ್ಬರದಲ್ಲಿ. ಬೆಲ್ಲದ ಡಬ್ಬಿ ಅದಕ್ಕೆ ನೆಂಟರ ಮನೆ. ಗೊಬ್ಬರದ ರಾಶಿ ತವರುಮನೆ. ತವರುಮನೆಯನ್ನು ಹಾಗೆಯೇ ಬಿಟ್ಟು ನೆಂಟರ ಮನೆಯ ಬಾಗಿಲು ಹಾಕಿಕೊಂಡು ಕುಳಿತರೆ ಪ್ರಯೋಜನ ಅಷ್ಟಕ್ಕಷ್ಟೆ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಹತ್ತು ದಿನದ ಲೆಕ್ಕ

ಮನೆನೊಣದ ಬಾಳುವೆಯನ್ನು ಸ್ವಲ್ಪ ತಿಳಿದುಕೊಂಡರೆ ಅದನ್ನು ಎಲ್ಲಿ ಹಿಡಿಯಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಹೆಣ್ಣು ನೊಣ ಒಂದು ಸಲಕ್ಕೆ 75ರಿಂದ 150ರವರೆಗೆ ಮೊಟ್ಟೆ ಇಡುತ್ತದೆ. ಅನುಕೂಲವಿದ್ದರೆ ತನ್ನ ಕೆಲವೇ ವಾರಗಳ ಆಯುಷ್ಯದಲ್ಲಿ ಹೀಗೆ ನಾಲ್ಕೈದು ಸಲ ಇಡಬಲ್ಲದು. ಮೊಟ್ಟೆ ಇಡಲು ಅದಕ್ಕೆ ಬೇಕಾದದ್ದು ಹಸಿಯಾಗಿ, ಬೆಚ್ಚಗೆ, ಕೊಳೆಯುತ್ತಿರುವ ವಸ್ತು. ಸಗಣಿ, ಕೋಳಿ ಗೊಬ್ಬರ, ಹಂದಿಯ ಗೊಬ್ಬರ, ಮನುಷ್ಯರ ಮಲ, ಕೊಳೆತ ಹಲಸಿನ ಸಿಪ್ಪೆ, ಮುಸುರೆ ಚೆಲ್ಲಿದ ಮಣ್ಣು ಇವೆಲ್ಲ ಅದಕ್ಕೆ ಪ್ರಶಸ್ತ. ಪೂರ್ತಿ ಒಣಗಿದ ಗೊಬ್ಬರದಲ್ಲಿ ಅದರ ಹುಳ ಬದುಕುವುದಿಲ್ಲ. ಪೂರ್ತಿ ನೀರಾದದ್ದರಲ್ಲಿಯೂ ಬದುಕುವುದಿಲ್ಲ.

ಸೆಖೆಯ ದಿನಗಳಲ್ಲಿ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹೊರಬಂದ ಬಿಳಿ ಹುಳ ನಾಲ್ಕಾರು ದಿನ ತಿಂದು ಬೆಳೆಯುತ್ತದೆ. ಆಮೇಲೆ ರಾಶಿಯ ಅಂಚಿಗೆ, ತಂಪಾದ ಒಣ ಜಾಗಕ್ಕೆ ತೆವಳಿ ಹೋಗಿ ಕಂದು ಬಣ್ಣದ ಗೋದಿಕಾಳಿನಂತಹ ಕೋಶವಾಗುತ್ತದೆ. ಮತ್ತೆ ನಾಲ್ಕೈದು ದಿನಗಳಲ್ಲಿ ಆ ಕೋಶದಿಂದ ರೆಕ್ಕೆಯ ನೊಣ ಹೊರಡುತ್ತದೆ. ಒಟ್ಟಿನಲ್ಲಿ ಮೊಟ್ಟೆಯಿಂದ ನೊಣದವರೆಗೆ ಬೆಚ್ಚಗಿನ ಹವೆಯಲ್ಲಿ 7ರಿಂದ 10 ದಿನ ಸಾಕು. ಚಳಿಯಲ್ಲಿ ಇನ್ನೂ ಕೆಲವು ವಾರ ಹಿಡಿಯಬಹುದು. ನಾವು ನೆಟ್ಟ ಕಾಫಿ ಗಿಡ ಮೊದಲ ಹಣ್ಣು ಬಿಡುವುದರೊಳಗೆ ನೊಣ ಹಲವು ಹತ್ತು ತಲೆಮಾರುಗಳನ್ನು ದಾಟಿರುತ್ತದೆ.

ಈ ಲೆಕ್ಕದಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಮೊದಲನೆಯದು, ಮನೆಯೊಳಗೆ ಹಾರಾಡುವ ನೊಣವನ್ನು ಒಂದೊಂದಾಗಿ ಹೊಡೆದು ಮುಗಿಸುತ್ತೇವೆ ಎಂಬುದು ಆಗದ ಮಾತು. ಹೊಡೆದದ್ದಕ್ಕಿಂತ ಹೆಚ್ಚು ಹೊರಗೆ ತಯಾರಾಗುತ್ತಿರುತ್ತದೆ. ಎರಡನೆಯದು, ಗೊಬ್ಬರದಲ್ಲಿ ಹುಳವಾಗಿರುವ ಆ ನಾಲ್ಕಾರು ದಿನಗಳಲ್ಲಿ ಅದು ಹಾರಲಾರದು, ಓಡಲಾರದು, ನಮ್ಮ ಕೈಗೆ ಸಿಕ್ಕಿರುತ್ತದೆ. ಆಗ ಹಿಡಿದರೆ ಒಂದು ಗುದ್ದಲಿ ಮಣ್ಣಿನಿಂದ ಆಗುವ ಕೆಲಸ, ಆಮೇಲೆ ಸಾವಿರ ಕೈಗಳಿಂದಲೂ ಆಗುವುದಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ನೊಣ ಹುಟ್ಟಿದ ಜಾಗಕ್ಕೆ ಅಂಟಿಕೊಂಡು ಕೂರುವುದಿಲ್ಲ. ಆಹಾರ ಹತ್ತಿರ ಸಿಕ್ಕರೆ ಹತ್ತಿರ. ಇಲ್ಲವಾದರೆ ಒಂದೆರಡು ಕಿಲೋಮೀಟರು ಹಾರಿಹೋಗುವುದು ಅದಕ್ಕೆ ದೊಡ್ಡದಲ್ಲ. ಬೇಲಿ, ಗಡಿಕಲ್ಲು, ಸರ್ವೆ ನಂಬರು ಅದಕ್ಕೆ ಗೊತ್ತಿಲ್ಲ. ಆದುದರಿಂದ ನಮ್ಮ ತೋಟದ ಗೊಬ್ಬರ ನಮ್ಮ ಇಷ್ಟ ಎಂಬ ಮಾತು ಈ ವಿಷಯದಲ್ಲಿ ನಿಲ್ಲುವುದಿಲ್ಲ.

ಹಿಂದೆ ಇಷ್ಟು ನೊಣ ಇತ್ತೇ?

ಹಿರಿಯ ಸದಸ್ಯರು ಕೆಲವರು "ನಮ್ಮ ಕಾಲದಲ್ಲಿ ಮನೆಗೆ ಅಂಟಿಕೊಂಡೇ ಕೊಟ್ಟಿಗೆ ಇತ್ತು, ಆದರೂ ಈ ಪರಿ ನೊಣ ಇರಲಿಲ್ಲ" ಎನ್ನುತ್ತಾರೆ. ಹಳೆಯದೆಲ್ಲ ಹೊನ್ನು ಎನ್ನುವವರು ನಾವಲ್ಲ. ಹಿಂದೆಯೂ ನೊಣ ಇತ್ತು. ಹಲಸಿನ ಹಣ್ಣಿನ ಕಾಲಕ್ಕೆ ಧಾರಾಳವಾಗಿಯೇ ಇತ್ತು. ಆದರೂ ಹಿರಿಯರ ಮಾತಿನಲ್ಲಿ ಹುರುಳಿದೆ. ಅದಕ್ಕೆ ಕಾರಣಗಳನ್ನು ಯೋಚಿಸಿ ನೋಡಬೇಕು.

ಆಗ ಕೊಟ್ಟಿಗೆಗೆ ದಿನವೂ ಸೊಪ್ಪು, ದರಗು ಹಾಸುತ್ತಿದ್ದರು. ದನದ ಸಗಣಿ, ಗಂಜಲ ಆ ಹಾಸಿನಲ್ಲಿ ಕಲೆತು ಗೊಬ್ಬರಗುಂಡಿ ಸೇರುತ್ತಿತ್ತು. ಮರುದಿನದ ಹಾಸು ಅದರ ಮೇಲೆ ಬೀಳುತ್ತಿತ್ತು. ಇವತ್ತಿನ ಸಗಣಿಗೆ ನಾಳೆಯ ಸೊಪ್ಪು ಹೊದಿಕೆಯಾಗುತ್ತಿತ್ತು. ಗುಂಡಿಯ ಒಳಗೆ ಬಿಸಿ ಏರಿದಾಗ ಹುಳ ಸಾಯುತ್ತಿತ್ತು. ಅಂಚಿಗೆ ಬಂದದ್ದನ್ನು ಮನೆಯ ಕೋಳಿಗಳು ಕೆದಕಿ ತಿನ್ನುತ್ತಿದ್ದವು. ಅಡಿಗೆಮನೆಯಾದರೋ ಸಣ್ಣ ಕಿಟಕಿಯ, ಹೊಗೆ ತುಂಬಿದ ಕತ್ತಲೆಯ ಕೋಣೆ. ನೊಣಕ್ಕೆ ಬೆಳಕು ಬೇಕು, ಹೊಗೆ ಆಗದು. ಹೀಗಾಗಿ ಅದು ಜಗಲಿಯಲ್ಲಿಯೇ ನಿಲ್ಲುತ್ತಿತ್ತು.

ಈಗ ಅನಿಲದ ಒಲೆ ಬಂದಿದೆ, ದೊಡ್ಡ ಕಿಟಕಿ ಬಂದಿದೆ. ಇದು ಆಗಬೇಕಾದದ್ದೇ. ನಮ್ಮ ತಾಯಂದಿರು ಹೊಗೆ ಕುಡಿದು ಕೆಮ್ಮಿ ಕಣ್ಣು ಕಳೆದುಕೊಂಡದ್ದು ಸಾಕು. ಆದರೆ ಹೊಗೆ ಮಾಡುತ್ತಿದ್ದ ಕಾವಲಿನ ಕೆಲಸವನ್ನು ಈಗ ಇನ್ನಾವುದಾದರೂ ಮಾಡಬೇಕಲ್ಲ? ಕಿಟಕಿ ದೊಡ್ಡದು ಮಾಡಿದವರು ಅದಕ್ಕೆ ಜಾಲರಿ ಹಾಕಿಸಲು ಮರೆತಿದ್ದಾರೆ.

ಇದಕ್ಕಿಂತ ದೊಡ್ಡ ಬದಲಾವಣೆ ಗೊಬ್ಬರದ್ದು. ಕೊಟ್ಟಿಗೆಗಳು ಬರಿದಾಗಿವೆ. ಹತ್ತು ಹದಿನೈದು ದನ ಕಟ್ಟುತ್ತಿದ್ದ ಮನೆಗಳಲ್ಲಿ ಈಗ ಹಾಲಿಗೆಂದು ಒಂದೋ ಎರಡೋ ಇವೆ. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ಆದರೆ ಅಡಿಕೆ ಮರಕ್ಕೂ ಕಾಫಿ ಗಿಡಕ್ಕೂ ಮೆಣಸಿನ ಬಳ್ಳಿಗೂ ಗೊಬ್ಬರ ಬೇಕೇ ಬೇಕು. ಆದುದರಿಂದ ಬಯಲುಸೀಮೆಯ ಕೋಳಿ ಫಾರಂಗಳಿಂದ ಗೊಬ್ಬರ ಲಾರಿಯಲ್ಲಿ ಘಟ್ಟ ಹತ್ತಿ ಬರುತ್ತಿದೆ. ಇದನ್ನು ನಾವು ದೂರುವುದಿಲ್ಲ. ಕೋಳಿ ಗೊಬ್ಬರದಲ್ಲಿ ಸಾರಜನಕ, ರಂಜಕ ಸಗಣಿ ಗೊಬ್ಬರಕ್ಕಿಂತ ಹೆಚ್ಚು. ಬೆಲೆಯೂ ಕೈಗೆ ಎಟಕುತ್ತದೆ. ಆದರೆ ಮನೆಯ ಸಗಣಿ ದಿನಕ್ಕೆ ಒಂದೆರಡು ಬುಟ್ಟಿ ಹುಟ್ಟುತ್ತಿತ್ತು, ಅಂದಂದೇ ಮುಚ್ಚಿಹೋಗುತ್ತಿತ್ತು. ಲಾರಿಯ ಗೊಬ್ಬರವಾದರೋ ಒಂದೇ ಸಲಕ್ಕೆ ಟನ್ನುಗಟ್ಟಲೆ ಬಂದು ರಸ್ತೆಬದಿ ಬೀಳುತ್ತದೆ. ಲಾರಿ ಹೋಗುವುದು ಅಲ್ಲಿಯವರೆಗೆ ಮಾತ್ರ. ತಲೆಹೊರೆಯಲ್ಲಿ ಒಳಗೆ ಸಾಗಿಸಲು ಆಳು ಸಿಕ್ಕುವುದಿಲ್ಲ. ವಾರ ಎರಡು ವಾರ ಅಲ್ಲಿಯೇ ಬಿದ್ದಿರುತ್ತದೆ. ನಡುವೆ ಒಂದು ಮಳೆ ಬಿದ್ದರೆ ಮುಗಿಯಿತು. ಹಸಿ, ಬಿಸಿ, ವಾಸನೆ ಮೂರೂ ಕೂಡಿ ಇಡೀ ಕೇರಿಗೆ ನೊಣ ಸಾಕುವ ಕಾರ್ಖಾನೆಯಾಗುತ್ತದೆ. ನಾವು ಮೇಲೆ ಹೇಳಿದ ಹತ್ತು ದಿನದ ಲೆಕ್ಕವನ್ನೂ, ಆಳಿಗಾಗಿ ಕಾಯುವ ಎರಡು ವಾರದ ಲೆಕ್ಕವನ್ನೂ ಒಟ್ಟಿಗಿಟ್ಟು ನೋಡಿದರೆ ನೊಣ ಎಲ್ಲಿಂದ ಬಂತು ಎಂದು ಕೇಳುವ ಅವಶ್ಯಕತೆಯೇ ಉಳಿಯುವುದಿಲ್ಲ.

ಪಲ್ಪಿಂಗ್ ಮಾಡುವ ದಿನಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆಯದೂ ಇದೇ ಕಥೆ. ಸಿಹಿ ಅಂಟು ಇರುವ ಹಸಿ ಸಿಪ್ಪೆಯನ್ನು ಪಲ್ಪರ್ ಮನೆಯ ಹಿಂದೆ ಗುಡ್ಡೆ ಹಾಕಿ ಬಿಟ್ಟರೆ ಅದು ಹುಳಿತು ನಾರುತ್ತದೆ. ಸಣ್ಣ ಹಣ್ಣುನೊಣದಿಂದ ಹಿಡಿದು ಎಲ್ಲ ಬಗೆಯ ನೊಣಗಳೂ ಅಲ್ಲಿ ಸೇರುತ್ತವೆ.

ಯಾರ ಮನೆಯ ಮೇಲೆ ಬೀಳುತ್ತದೆ?

ನೊಣ ಬರೀ ಕಿರಿಕಿರಿ ಎಂದು ತಿಳಿದವರು ಇದ್ದಾರೆ. ನೊಣಕ್ಕೆ ಹಲ್ಲಿಲ್ಲ. ಗಟ್ಟಿ ಪದಾರ್ಥದ ಮೇಲೆ ತನ್ನ ಹೊಟ್ಟೆಯ ದ್ರವವನ್ನು ಕಕ್ಕಿ, ಕರಗಿಸಿ, ಹೀರುತ್ತದೆ. ಸ್ವಲ್ಪ ಹೊತ್ತಿಗೆ ಮೊದಲು ಮಲದ ಮೇಲೆ ಕುಳಿತು ಹೀರಿದ್ದನ್ನೇ ಅನ್ನದ ಮೇಲೆ ಕಕ್ಕುತ್ತದೆ. ಕಾಲಿನ ರೋಮಗಳಲ್ಲಿ ಅಂಟಿಸಿಕೊಂಡು ಬಂದದ್ದು ಬೇರೆ. ಭೇದಿ, ಆಮಶಂಕೆ, ವಿಷಮಶೀತಜ್ವರ, ಕಾಲರಾ ಇವುಗಳ ರೋಗಾಣುಗಳನ್ನು ಅದು ಸಾಗಿಸಬಲ್ಲದು.

ಇದು ಹೆದರಿಸುವ ಮಾತಲ್ಲ. 1991ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಸ್ರೇಲಿನ ಸೈನಿಕ ಶಿಬಿರಗಳ ಒಂದು ಪ್ರಯೋಗ ಪ್ರಕಟವಾಯಿತು. ಮುಖ್ಯವಾಗಿ ಆಮಿಷವಿಟ್ಟ ಬೋನುಗಳಿಂದ ನೊಣ ಹಿಡಿದ ಶಿಬಿರಗಳಲ್ಲಿ ಭೇದಿಗಾಗಿ ಚಿಕಿತ್ಸೆಗೆ ಬಂದವರು ಶೇಕಡಾ 42ರಷ್ಟು ಕಡಮೆಯಾದರು; ಶಿಗೆಲ್ಲಾ ಎಂಬ ರೋಗಾಣುವಿನಿಂದ ಬರುವ ರಕ್ತಭೇದಿ ಶೇಕಡಾ 85ರಷ್ಟು ಇಳಿಯಿತು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಪಾಕಿಸ್ತಾನದ ಹಳ್ಳಿಗಳ ವರದಿ ಬಂತು. ಅಲ್ಲಿ ನೊಣಗಳನ್ನು ಔಷಧ ಸಿಂಪಡಿಸಿ ತಗ್ಗಿಸಿದ್ದರು. ಮಕ್ಕಳ ಭೇದಿ ಶೇಕಡಾ 23ರಷ್ಟು ಕಡಮೆಯಾಯಿತು. ಮಾರ್ಗ ಯಾವುದೇ ಇರಲಿ, ನೊಣ ಕಡಮೆಯಾದರೆ ಭೇದಿ ಕಡಮೆಯಾಗುತ್ತದೆ ಎಂಬುದು ಎರಡರಿಂದಲೂ ತಿಳಿಯುತ್ತದೆ.

ಈಗ ನಮ್ಮ ತೋಟಗಳನ್ನು ನೋಡೋಣ. ಲಾರಿ ನಿಲ್ಲುವುದು ರಸ್ತೆಬದಿ. ಕೆಲಸದವರ ಲೈನುಗಳು ಇರುವುದೂ ಹೆಚ್ಚಾಗಿ ರಸ್ತೆಬದಿಯಲ್ಲಿಯೇ. ಮಾಲೀಕರ ಮನೆ ಮೇಲೆ, ದೂರದಲ್ಲಿ, ಈಚೆಗೆ ಜಾಲರಿಯ ಬಾಗಿಲನ್ನೂ ಹಾಕಿಸಿಕೊಂಡು ಇರುತ್ತದೆ. ಲೈನಿನ ಕಿಟಕಿಗೆ ಜಾಲರಿಯಿಲ್ಲ, ಅನ್ನದ ಪಾತ್ರೆಗೆ ಕೆಲವೊಮ್ಮೆ ಮುಚ್ಚಳವೂ ಇಲ್ಲ. ಎರಡು ವರ್ಷದ ಕೂಸು ಜಗಲಿಯ ಮೇಲೆ ಕುಳಿತು ತಿನ್ನುವ ರೊಟ್ಟಿಚೂರಿಗೂ ಗೊಬ್ಬರದ ರಾಶಿಗೂ ನಡುವೆ ಎಷ್ಟು ಮಾರು ದೂರವಿದೆ ಎಂದು ಸದಸ್ಯರು ಒಮ್ಮೆ ಅಳೆದು ನೋಡಬೇಕು. ಗೊಬ್ಬರ ನಮ್ಮ ಗಿಡಕ್ಕೆ, ಭೇದಿ ಅವರ ಮಗುವಿಗೆ ಎಂಬ ಹಂಚಿಕೆ ನ್ಯಾಯವಲ್ಲ. ನ್ಯಾಯದ ಮಾತು ಬೇಡವೆನ್ನುವವರಿಗೆ ವ್ಯವಹಾರದ ಮಾತೂ ಇದೆ. ಮಗು ಮಲಗಿದ ಮನೆಯಿಂದ ತಾಯಿ ಕೆಲಸಕ್ಕೆ ಬರುವುದಿಲ್ಲ. ಕುಯ್ಲಿನ ಕಾಲದಲ್ಲಿ ಒಂದು ಆಳು ತಪ್ಪಿದರೆ ಏನಾಗುತ್ತದೆಂದು ನಾವು ಬರೆಯಬೇಕಾಗಿಲ್ಲ.

ವಿಷದ ದಾರಿ

ಸಂಘದ ಅಂಗಡಿಗೆ ಬಂದು ನೊಣದ ಔಷಧ ಕೇಳುವವರಿಗೆ ನಮ್ಮ ಮಾತು ಇಷ್ಟು. ಈ ದಾರಿಯಲ್ಲಿ ಜಗತ್ತು ಒಮ್ಮೆ ನಡೆದು ನೋಡಿದೆ. ಡಿ.ಡಿ.ಟಿ.ಗೆ ಕೀಟ ಕೊಲ್ಲುವ ಶಕ್ತಿಯಿದೆಯೆಂದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ಕಂಡುಹಿಡಿದದ್ದು 1939ರಲ್ಲಿ. 1948ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆದರೆ ಬಹುಮಾನ ಬರುವುದರೊಳಗೇ ಡಿ.ಡಿ.ಟಿ.ಗೆ ಸಾಯದ ಮನೆನೊಣಗಳು ಯೂರೋಪಿನಲ್ಲಿ ಕಾಣಿಸಿಕೊಂಡಿದ್ದವು. 1953ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆ ಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಚಳಿಜ್ವರದಿಂದ ಊರುಗಳೇ ಹಾಳಾಗುತ್ತಿದ್ದ ಮಲೆನಾಡಿಗೆ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ನೊಣ ಅದರಿಂದ ಅಳಿಯಲಿಲ್ಲ. ಆಮೇಲೆ ಬಂದ ಎಷ್ಟೋ ಔಷಧಗಳಿಗೂ ಅದು ಹೊಂದಿಕೊಂಡಿದೆ. ಹತ್ತು ದಿನಕ್ಕೊಂದು ತಲೆಮಾರು ಹುಟ್ಟುವ ಜೀವಿಗೆ ಹೊಸ ವಿಷವನ್ನು ತಡೆದುಕೊಳ್ಳಲು ಕಲಿಯುವುದು ಕಷ್ಟವಲ್ಲ.

ಗೊಬ್ಬರದ ರಾಶಿಯ ಮೇಲೆಯೇ ವಿಷ ಹೊಡೆಯುವುದಂತೂ ಇನ್ನೂ ಹಾನಿಕರ. ಆ ರಾಶಿಯಲ್ಲಿ ನೊಣದ ಶತ್ರುಗಳೂ ಇರುತ್ತವೆ. ಇರುವೆಗಿಂತ ಸಣ್ಣದಾದ ಒಂದು ಬಗೆಯ ಕಣಜ ನೊಣದ ಕೋಶದೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಕೊಲ್ಲುತ್ತದೆ. ನೊಣದ ಮೊಟ್ಟೆ ತಿನ್ನುವ ನುಸಿಗಳಿವೆ, ಹುಳ ತಿನ್ನುವ ದುಂಬಿಗಳಿವೆ. ಮಳೆಗಾಲದಲ್ಲಿ ಕಿಟಕಿಯ ಗಾಜಿಗೆ ಅಂಟಿಕೊಂಡು, ಹೊಟ್ಟೆಯ ಮೇಲೆ ಬಿಳಿ ಬಳೆಗಳೆದ್ದು ಸತ್ತಿರುವ ನೊಣವನ್ನು ಸದಸ್ಯರು ಕಂಡಿರಬಹುದು. ಅದು ಒಂದು ಬಗೆಯ ಬೂಷ್ಟಿನ ಕೆಲಸ. ವಿಷ ಹೊಡೆದರೆ ನಮ್ಮ ಈ ಕೂಲಿಯಿಲ್ಲದ ಕೆಲಸಗಾರರು ಮೊದಲು ಸಾಯುತ್ತಾರೆ. ನೊಣ ಮತ್ತೆ ಮೊದಲು ಬರುತ್ತದೆ. ಸಕ್ಕರೆ ಬೆರೆಸಿದ ವಿಷದ ಹರಳುಗಳನ್ನು ಮಕ್ಕಳು, ಕೋಳಿಗಳು ಓಡಾಡುವಲ್ಲಿ ಚೆಲ್ಲುವುದರ ಅಪಾಯವನ್ನು ಬೇರೆ ಹೇಳಬೇಕೇ?

ಮಾಡಬೇಕಾದದ್ದು: ಗೊಬ್ಬರದಲ್ಲಿ

ಗೊಬ್ಬರ ಮುಚ್ಚುವ ವಿದ್ಯೆ ನಮಗೆ ಹೊಸದಲ್ಲ. 1939ರಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಯ ಕಾಂಪೋಸ್ಟ್ ಇಂದಿಗೂ ಕೃಷಿ ಪುಸ್ತಕಗಳಲ್ಲಿದೆ. ಪಟ್ಟಣದ ಕಸವನ್ನೂ ಮಲವನ್ನೂ ಪದರ ಪದರವಾಗಿ ಗುಂಡಿಗೆ ಹಾಕಿ ಮೇಲೆ ಮುಚ್ಚಿಬಿಡುವುದೇ ಅದರ ತಿರುಳು. ಮುಚ್ಚಿದರೆ ವಾಸನೆಯಿಲ್ಲ, ನೊಣವಿಲ್ಲ, ಸಾರಜನಕವೂ ಉಳಿಯುತ್ತದೆ. ಮಲಕ್ಕೆ ಸಲ್ಲುವುದು ಕೋಳಿ ಗೊಬ್ಬರಕ್ಕೂ ಸಲ್ಲುತ್ತದೆ.

ನಾವು ಸಲಹೆ ಮಾಡುವ ಕ್ರಮ ಹೀಗಿದೆ. ಲಾರಿ ಬರುವ ಮೊದಲೇ ಜಾಗ ನಿಶ್ಚಯಿಸಬೇಕು. ಅದು ಮನೆ, ಲೈನು, ಬಾವಿ, ಹಳ್ಳ ಇವುಗಳಿಂದ ದೂರವಿರಬೇಕು. ನೀರು ನಿಲ್ಲದ ದಿಬ್ಬವಾಗಿರಬೇಕು. ನೆಲಕ್ಕೆ ಅರ್ಧ ಅಡಿ ಅಡಿಕೆ ಸಿಪ್ಪೆಯನ್ನೋ ದರಗನ್ನೋ ಹಾಸಬೇಕು. ಅದರ ಮೇಲೆ ಮೂರು ನಾಲ್ಕು ಅಂಗುಲ ಕೋಳಿ ಗೊಬ್ಬರ, ಮತ್ತೆ ಸಿಪ್ಪೆ, ಮತ್ತೆ ಗೊಬ್ಬರ. ಹೀಗೆ ಎದೆಮಟ್ಟದವರೆಗೆ ಒಟ್ಟಬೇಕು. ನಮ್ಮಲ್ಲಿ ಅಡಿಕೆ ಸಿಪ್ಪೆ ಕೊಳೆಯದೆ ವರ್ಷಗಟ್ಟಲೆ ಬಿದ್ದಿರುತ್ತದೆ, ಏಕೆಂದರೆ ಅದರಲ್ಲಿ ಸಾರಜನಕ ಸಾಲದು. ಕೋಳಿ ಗೊಬ್ಬರದಲ್ಲಿ ಅದು ಮಿಕ್ಕಿ ಹೊಗೆಯಾಡುತ್ತದೆ. ಎರಡನ್ನೂ ಕೂಡಿಸಿದರೆ ಎರಡರ ಕೊರತೆಯೂ ತುಂಬುತ್ತದೆ. ಕಾಫಿ ಹಣ್ಣಿನ ಸಿಪ್ಪೆಯನ್ನೂ ಇದೇ ರಾಶಿಗೆ ಸೇರಿಸಬಹುದು.

ಒಟ್ಟಿದ ದಿನವೇ ಮೇಲೆ ನಾಲ್ಕು ಅಂಗುಲ ಮಣ್ಣನ್ನಾಗಲಿ, ದಪ್ಪ ಟಾರ್ಪಾಲನ್ನಾಗಲಿ ಹೊದಿಸಬೇಕು. ಟಾರ್ಪಾಲಿನ ಅಂಚುಗಳ ಮೇಲೆ ಸುತ್ತಲೂ ಮಣ್ಣು ಹಾಕಿ ಒತ್ತಬೇಕು. ಅಂಚು ಬಿಟ್ಟರೆ ಮಾಡಿದ ಕೆಲಸವೆಲ್ಲ ಹಾಳು, ಏಕೆಂದರೆ ಹುಳ ಕೋಶವಾಗಲು ಹೊರಡುವುದು ಅಂಚಿನಿಂದಲೇ. ಎರಡು ಮೂರು ದಿನದಲ್ಲಿ ಒಳಗೆ ಬಿಸಿ ಏರುತ್ತದೆ. ಸರಿಯಾಗಿ ಒಟ್ಟಿದ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. 50 ಡಿಗ್ರಿ ದಾಟಿದ ಕಡೆ ನೊಣದ ಹುಳ ಉಳಿಯಲಾರದು. ಒಂದು ವಾರ ತುಂಬುವ ಮೊದಲೇ ರಾಶಿಯನ್ನು ಒಮ್ಮೆ ಮಗುಚಿ, ಹೊರಗಿನದು ಒಳಗೆ ಹೋಗುವಂತೆ ಮಾಡಿ, ಮತ್ತೆ ಮುಚ್ಚಬೇಕು. ವಾರದೊಳಗೆ ಎಂದು ಹೇಳಲು ಕಾರಣ ಮೇಲಿನ ಹತ್ತು ದಿನದ ಲೆಕ್ಕವೇ.

ಹಸಿ ಗೊಬ್ಬರಕ್ಕೆ ಸುಣ್ಣ ಎರಚುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಬೇಡ. ಸುಣ್ಣ ಬಿದ್ದೊಡನೆ ಅಮೋನಿಯಾ ಹಾರಿಹೋಗುತ್ತದೆ. ಹಣ ಕೊಟ್ಟು ತಂದ ಸಾರಜನಕವನ್ನು ಗಾಳಿಗೆ ಬಿಟ್ಟಂತಾಗುತ್ತದೆ. ಇನ್ನು ಕಾಂಪೋಸ್ಟಿನಲ್ಲಿ ಚಪ್ಪಟೆಯಾದ, ಕಂದು ಬಣ್ಣದ, ಒರಟು ಚರ್ಮದ ದೊಡ್ಡ ಹುಳ ಕಂಡರೆ ಗಾಬರಿ ಬೇಡ. ಅದು ಕಪ್ಪು ಸೈನಿಕ ನೊಣ ಎಂಬ ಬೇರೆ ಜಾತಿ. ಬೆಳೆದ ಮೇಲೆ ಅದು ನಮ್ಮ ಅನ್ನದ ಮೇಲೆ ಕೂರುವುದಿಲ್ಲ. ಅದು ತುಂಬಿದ ರಾಶಿಯಲ್ಲಿ ಮನೆನೊಣ ಬೆಳೆಯುವುದೇ ಕಡಮೆ.

ದನ ಉಳಿಸಿಕೊಂಡಿರುವವರಿಗೆ ಗೋಬರ್ ಗ್ಯಾಸ್ ಉತ್ತಮ ಮಾರ್ಗ. ಸಗಣಿ ಅಂದಂದೇ ತೊಟ್ಟಿ ಸೇರುತ್ತದೆ. ಒಲೆಗೆ ಅನಿಲ ಬರುತ್ತದೆ. ಹೊರಬರುವ ಬಗ್ಗಡಕ್ಕೆ ಹಸಿ ಸಗಣಿಯಷ್ಟು ನೊಣ ಮುತ್ತುವುದಿಲ್ಲ. ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಇದನ್ನು ಮನೆ ಮನೆಗೆ ಮಾಡಿಕೊಂಡು ತೋರಿಸಿದ್ದಾರೆ.

ಮಾಡಬೇಕಾದದ್ದು: ಮನೆಯಲ್ಲಿ

ಇಷ್ಟಾದ ಮೇಲೆ ಮನೆಯ ವಿಚಾರ. ಇಲ್ಲಿ ಮಾತು ಚಿಕ್ಕದು. ಅಡಿಗೆಮನೆ ಮತ್ತು ಊಟದ ಕೋಣೆಯ ಕಿಟಕಿಗಳಿಗೆ ಜಾಲರಿ ಬೇಕು. ಇದು ಒಂದು ಸಲದ ಖರ್ಚು. ಡಬ್ಬಿ ಡಬ್ಬಿ ಔಷಧಕ್ಕಿಂತ ಅಗ್ಗ. ಮುಸುರೆಯನ್ನು ಹಿತ್ತಿಲ ಬಾಗಿಲಿನಿಂದ ಎರಚದೆ, ದನವಿದ್ದರೆ ಕಲಗಚ್ಚಿಗೆ, ಇಲ್ಲವಾದರೆ ಮುಚ್ಚಳವಿರುವ ಗುಂಡಿಗೆ ಹಾಕಬೇಕು. ಬಚ್ಚಲ ನೀರು ನಿಂತು ಕೆಸರಾಗದಂತೆ ಬಾಳೆಬುಡಕ್ಕೆ ಹರಿಸಬೇಕು. ಹಲಸಿನ ಸಿಪ್ಪೆಯನ್ನು ಅಂಗಳದ ಮೂಲೆಯಲ್ಲಿ ಗುಡ್ಡೆ ಹಾಕದೆ ಅಂದೇ ಮಣ್ಣಿನಡಿ ಸೇರಿಸಬೇಕು. ಪಾಯಿಖಾನೆಯ ಗುಂಡಿಯಿಂದ ಮೇಲೆ ಹೋಗುವ ಗಾಳಿಕೊಳವೆಯ ಬಾಯಿಗೆ ಒಂದು ಅಂಗೈಯಗಲ ಜಾಲರಿ ಕಟ್ಟಬೇಕು. ನೊಣ ಹಗುರಾದ ಜೀವಿ, ಗಾಳಿಗೆ ನಿಲ್ಲದು. ಊಟದ ಹೊತ್ತಿಗೆ ಫ್ಯಾನು ತಿರುಗಿದರೆ ಎಲೆಯ ಮೇಲೆ ಕೂರಲಾರದು.

ಸೊಪ್ಪು, ಹೊಗೆ, ವಾಸನೆಗಳ ಉಪಾಯಗಳ ಬಗ್ಗೆ ಮಹಿಳಾ ಸದಸ್ಯರು ಹಲವರು ಕೇಳಿದ್ದಾರೆ. ಕೊಟ್ಟಿಗೆಯಲ್ಲಿ ಲಕ್ಕಿಸೊಪ್ಪಿನ ಹೊಗೆ, ಬೇವಿನ ಹೊಗೆ ಹಾಕುವುದು ದನಗಳಿಗೆ ಸ್ವಲ್ಪ ಹೊತ್ತು ನೆಮ್ಮದಿ ಕೊಡುತ್ತದೆ. ಮಜ್ಜಿಗೆಹುಲ್ಲು, ತುಳಸಿ, ನೀಲಗಿರಿ ಎಣ್ಣೆಯ ವಾಸನೆ ನೊಣಕ್ಕೆ ಹಿಡಿಸುವುದಿಲ್ಲ. ನೆಲ ಒರೆಸುವ ನೀರಿಗೆ ಬೆರೆಸಿದರೆ ವಾಸನೆ ಇರುವಷ್ಟು ಹೊತ್ತು ಫಲವಿದೆ. ವಾಸನೆ ಆರಿದ ಮೇಲೆ ನೊಣ ಮತ್ತೆ ಹಾಜರು. ಇವು ತಡೆಯುವ ಉಪಾಯಗಳೇ ಹೊರತು ತಗ್ಗಿಸುವ ಉಪಾಯಗಳಲ್ಲ. ಬಾಗಿಲಿಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ತೂಗುಹಾಕುವ ರೂಢಿಯಿಂದ ನೊಣ ಓಡುತ್ತದೆ ಎಂಬುದಕ್ಕೆ ನಂಬತಕ್ಕ ಆಧಾರವನ್ನು ನಾವು ಕಂಡಿಲ್ಲ.

ಬೋನು ಮಾತ್ರ ಉಪಯುಕ್ತ. ಕಿರಿಬಾಯಿಯ ಬಾಟಲಿಯಲ್ಲಿ ಹುಳಿಸಿದ ಬೆಲ್ಲದ ನೀರು, ಮೀನು ತಿನ್ನುವವರ ಮನೆಯಾದರೆ ಒಂದು ಚೂರು ಮೀನಿನ ತಲೆ ಹಾಕಿಟ್ಟರೆ ಒಳಹೊಕ್ಕ ನೊಣ ಹೊರಬರಲಾರದು. ಆದರೆ ಅದನ್ನು ಅಡಿಗೆಮನೆಯಲ್ಲಿ ಇಡಬಾರದು. ಮನೆಯಿಂದ ಇಪ್ಪತ್ತು ಮೂವತ್ತು ಅಡಿ ಆಚೆ, ಗೊಬ್ಬರದ ದಿಕ್ಕಿಗೆ ಇಡಬೇಕು. ಇಲ್ಲವಾದರೆ ನಾವೇ ಕರೆದು ಒಳಗೆ ಕೂರಿಸಿದಂತಾಗುತ್ತದೆ. ರಾತ್ರಿ ನೊಣಗಳು ತೂಗಾಡುವ ಹಗ್ಗ, ತಂತಿಗಳ ಮೇಲೆ ಕೂರುವುದರಿಂದ, ಹರಳೆಣ್ಣೆಯಲ್ಲಿ ರಾಳ ಕಾಯಿಸಿ ಬಳಿದ ಹಗ್ಗದ ತುಂಡುಗಳನ್ನು ಜಗಲಿಯಲ್ಲಿ ತೂಗುಬಿಟ್ಟರೂ ಸಾಕಷ್ಟು ಅಂಟಿಕೊಳ್ಳುತ್ತವೆ.

ಸಂಘದಿಂದ ಆಗಬೇಕಾದದ್ದು

"ಇದೆಲ್ಲ ಹೇಳಲು ಚೆನ್ನ. ಎರಡು ಎಕರೆಯವನಿಗೆ ದೂರದ ಜಾಗ ಎಲ್ಲಿಂದ ಬರಬೇಕು? ಟಾರ್ಪಾಲು, ಆಳು ಎಲ್ಲಿಂದ ತರಬೇಕು?" ಎಂದು ಸಣ್ಣ ಹಿಡುವಳಿದಾರರು ಕೇಳುವುದು ಸಹಜ. ಈ ಪ್ರಶ್ನೆಗೆ ಉತ್ತರ ಒಬ್ಬೊಬ್ಬರ ಕೈಯಲ್ಲಿಲ್ಲ. ಅದಕ್ಕಾಗಿಯೇ ಸಹಕಾರ ಎಂಬ ಪದ ಹುಟ್ಟಿದ್ದು. ಅಡಿಕೆ ಮಾರಲು ಒಂದಾಗುವ ನಾವು ಗೊಬ್ಬರ ಮುಚ್ಚಲು ಒಂದಾಗಲಾರೆವೇ?

ನಮ್ಮ ಸಲಹೆಗಳು ನಾಲ್ಕು. ಒಂದು, ಸಂಘವು ದೊಡ್ಡ ಟಾರ್ಪಾಲುಗಳನ್ನು ಕೊಂಡಿಟ್ಟು, ಗೊಬ್ಬರ ತರಿಸುವ ಸದಸ್ಯರಿಗೆ ಅಲ್ಪ ಬಾಡಿಗೆಗೆ ಕೊಡಬೇಕು. ಎರಡು, ಸಣ್ಣ ಬೆಳೆಗಾರರು ಮೂರು ನಾಲ್ಕು ಮಂದಿ ಸೇರಿ ಒಂದೇ ಲಾರಿ ತರಿಸಿ, ಬಂದ ದಿನವೇ ಹಂಚಿಕೊಂಡು ಮುಚ್ಚುವಂತೆ ಸಂಘದ ಮೂಲಕ ಬೇಡಿಕೆ ನಮೂದಿಸುವ ವ್ಯವಸ್ಥೆಯಾಗಬೇಕು. ಮೂರು, ಮಳೆ ಹಿಡಿದ ತಿಂಗಳುಗಳಲ್ಲಿ ಹಸಿ ಕೋಳಿ ಗೊಬ್ಬರ ತರಿಸುವುದಿಲ್ಲವೆಂದು, ಯಾವ ಕಾಲದಲ್ಲಿಯೂ ಲೈನುಗಳ ಹಾಗೂ ನೆರೆಮನೆಯ ಎದುರಿಗೆ ಇಳಿಸುವುದಿಲ್ಲವೆಂದು ಸದಸ್ಯರು ತಾವಾಗಿ ಒಪ್ಪಿಕೊಳ್ಳಬೇಕು. ನಾಲ್ಕು, ಪ್ರತಿ ತೋಟದ ಮಾಲೀಕರು ತಮ್ಮ ಮನೆಗೆ ಜಾಲರಿ ಹಾಕಿಸುವ ವರ್ಷವೇ ಲೈನಿನ ಕಿಟಕಿಗಳಿಗೂ ಹಾಕಿಸಬೇಕು. ಈ ನಾಲ್ಕನೆಯದಕ್ಕೆ ಆಕ್ಷೇಪಣೆ ಹೆಚ್ಚು ಬರಬಹುದೆಂದು ನಮಗೆ ಗೊತ್ತು. ಆದರೂ ಅದನ್ನು ಪಟ್ಟಿಯಿಂದ ತೆಗೆಯಲು ನಾವು ಸಿದ್ಧರಿಲ್ಲ.

ನೈರ್ಮಲ್ಯದ ವಿಷಯದಲ್ಲಿ ಕ್ರಮ ಕೈಗೊಳ್ಳುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇದ್ದೇ ಇದೆ. ಆದರೆ ನೆರೆಯವರ ಮೇಲೆ ಅರ್ಜಿ ಬರೆದು, ನೋಟೀಸು ಕಳಿಸಿ, ಹಬ್ಬಕ್ಕೆ ಹೋಳಿಗೆ ಕೊಟ್ಟುಕೊಳ್ಳುವುದನ್ನೂ ನಿಲ್ಲಿಸಿ ನೊಣ ಓಡಿಸುವುದಕ್ಕಿಂತ ನಮ್ಮ ನಮ್ಮೊಳಗೆ ಕುಳಿತು ಒಂದು ಕಟ್ಟುಪಾಡು ಮಾಡಿಕೊಳ್ಳುವುದು ಲೇಸಲ್ಲವೇ? ರಾಶಿಯ ಮೇಲೆ ನೊಣ ಗುಂಯ್‌ಗುಡುತ್ತಿದ್ದರೆ ಅದು ನೆರೆಯವನಿಗೆ ಉಪದ್ರವ ಮಾತ್ರವಲ್ಲ, ಯಜಮಾನನಿಗೆ ನಷ್ಟವೂ ಹೌದು. ತೆರೆದು, ತೊಯ್ದು, ನಾರುವ ಗೊಬ್ಬರದಿಂದ ಸತ್ವ ಗಾಳಿಗೂ ಹಳ್ಳಕ್ಕೂ ಹೋಗುತ್ತಿರುತ್ತದೆ. ಮುಚ್ಚಿದವನಿಗೆ ಗೊಬ್ಬರ ಉಳಿಯಿತು, ನೆರೆಯವನಿಗೆ ಊಟ ಉಳಿಯಿತು. ಇಬ್ಬರಿಗೂ ಲಾಭವಿರುವ ವ್ಯವಹಾರ ಈ ಕಾಲದಲ್ಲಿ ಹೆಚ್ಚು ಸಿಕ್ಕುವುದಿಲ್ಲ.

ಈ ಸಲಹೆಗಳನ್ನು ಮುಂದಿನ ಸರ್ವ ಸದಸ್ಯರ ಸಭೆಯ ಮುಂದಿಡಲು ಉದ್ದೇಶಿಸಿದ್ದೇವೆ. ಒಪ್ಪುವವರೂ ಒಪ್ಪದವರೂ ತಮ್ಮ ಅಭಿಪ್ರಾಯವನ್ನು ಸಭೆಗೆ ಮೊದಲೇ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಅಷ್ಟರೊಳಗೆ ಯಾರದಾದರೂ ಲಾರಿ ಬರುವುದಿದ್ದರೆ, ದಯಮಾಡಿ ಅಡಿಕೆ ಸಿಪ್ಪೆಯನ್ನೂ ಮಣ್ಣನ್ನೂ ಮೊದಲೇ ಒಟ್ಟಿಟ್ಟುಕೊಳ್ಳಿ.

– ಕಾರ್ಯದರ್ಶಿ